ಗಾಳಿಗೆ ಸೇರಿದ ಇಂಗಾಲ ಎಲ್ಲಿಂದ ಬಂತು? ಸಮಸ್ಥಾನಿಗಳ ಸಾಕ್ಷ್ಯ

ಇಂಗಾಲದ ಡೈಆಕ್ಸೈಡ್‌ನಂಥ ಅನಿಲಗಳು ಶಾಖವನ್ನು ಹಿಡಿದಿಟ್ಟು ಭೂಮಿಯನ್ನು ಬಿಸಿಯಾಗಿಸುವ ಹಸಿರುಮನೆ ಪರಿಣಾಮದ ವಿವರಣೆ ಎಲ್ಲ ಪಠ್ಯಪುಸ್ತಕಗಳಲ್ಲೂ ಇರುವುದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇನೆ. 1958ರಲ್ಲಿ ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಅಳತೆ ಆರಂಭಿಸಿದಾಗ ಗಾಳಿಯಲ್ಲಿ ಸುಮಾರು 315 ಪಿಪಿಎಂ (ಹತ್ತು ಲಕ್ಷ ಅಣುಗಳಲ್ಲಿ 315) ಇದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ಕೈಗಾರಿಕಾ ಕ್ರಾಂತಿಗೆ ಮುಂಚೆ ಅದು 280ರಷ್ಟಿತ್ತೆಂದು ಧ್ರುವಪ್ರದೇಶದ ಹಿಮದಲ್ಲಿ ಸಿಲುಕಿದ ಗಾಳಿಯ ಗುಳ್ಳೆಗಳಿಂದ ತಿಳಿದಿದೆ. ಹೀಗೆ ಹೆಚ್ಚಿದ್ದು ಮನುಷ್ಯ ಸುಟ್ಟ ಇಂಧನದಿಂದಲೇ ಎಂದು ಹೇಗೆ ಗೊತ್ತಾಯಿತು ಎಂಬುದೇ ನಿಜವಾಗಿ ಕಠಿಣವಾದ ಹೆಜ್ಜೆ.

ಒಂದೇ ಮೂಲವಸ್ತುವಿನ, ತೂಕದಲ್ಲಿ ಬೇರೆಯಾದ ಪರಮಾಣುಗಳೇ ಸಮಸ್ಥಾನಿಗಳು. ಇಂಗಾಲದಲ್ಲಿ ಇಲ್ಲಿ ಬೇಕಾದವು 12, 13, 14 ಎಂಬ ಮೂರು. ಮೊದಲ ಸಾಕ್ಷಿ ಅವುಗಳಲ್ಲಿ ವಿಕಿರಣಶೀಲವಾದ ಇಂಗಾಲ-14. ಕಾಸ್ಮಿಕ್ ಕಿರಣಗಳಿಂದ ವಾಯುಮಂಡಲದಲ್ಲಿ ಹುಟ್ಟುವ ಇದರ ಅರ್ಧಾಯುಷ್ಯ (ಅರ್ಧ ಪಾಲು ಕ್ಷಯಿಸಲು ಹಿಡಿಯುವ ಕಾಲ) ಸುಮಾರು 5,730 ವರ್ಷವಾದ್ದರಿಂದ, ಕೋಟ್ಯಂತರ ವರ್ಷ ನೆಲದಡಿಯಲ್ಲಿದ್ದ ಕಲ್ಲಿದ್ದಲು, ಪೆಟ್ರೋಲಿಯಂಗಳಲ್ಲಿ ಅದು ಉಳಿದಿಲ್ಲ. ಅವುಗಳ ಹೊಗೆ ಬೆರೆತಷ್ಟೂ ಗಾಳಿಯಲ್ಲಿ ಇಂಗಾಲ-14ರ ಪಾಲು ಇಳಿಯಬೇಕು. ಈ ಇಳಿಕೆಯನ್ನು ರಸಾಯನಶಾಸ್ತ್ರಜ್ಞ ಹ್ಯಾನ್ಸ್ ಸ್ಯೂಸ್ 1955ರಲ್ಲಿಯೇ ಮರದ ಬೆಳವಣಿಗೆಯ ಉಂಗುರಗಳಲ್ಲಿ ತೋರಿಸಿದರು. (ಅನಂತರದ ಅಣ್ವಸ್ತ್ರ ಪರೀಕ್ಷೆಗಳು ಇಂಗಾಲ-14ನ್ನು ವಿಪರೀತ ಹೆಚ್ಚಿಸಿ ಲೆಕ್ಕವನ್ನು ಜಟಿಲಗೊಳಿಸಿದವು.) ಆದರೆ ಜ್ವಾಲಾಮುಖಿಯ ಅನಿಲದಲ್ಲಿಯೂ ಇಂಗಾಲ-14 ಇರುವುದಿಲ್ಲ. ಆದ್ದರಿಂದ ಈ ಸಾಕ್ಷಿ ಇಂಗಾಲ ಹಳೆಯದೆಂದು ಹೇಳುತ್ತದೆಯೇ ಹೊರತು ಅದರ ಮೂಲವನ್ನು ಹೇಳುವುದಿಲ್ಲ.

ಇಲ್ಲಿ ಇಂಗಾಲ-13 ಬೇಕಾಗುತ್ತದೆ. ದ್ಯುತಿಸಂಶ್ಲೇಷಣೆಯಲ್ಲಿ ಸಸ್ಯಗಳು ಹಗುರವಾದ ಇಂಗಾಲ-12ನ್ನೇ ಹೆಚ್ಚು ಹೀರುವುದರಿಂದ ಸಸ್ಯಗಳಲ್ಲಿಯೂ, ಜೀವಿಗಳ ಅವಶೇಷದಿಂದಾದ ಇಂಧನಗಳಲ್ಲಿಯೂ ಇಂಗಾಲ-13 ಕಡಿಮೆ. ಜ್ವಾಲಾಮುಖಿಯ ಅನಿಲದಲ್ಲಿ ಅಷ್ಟು ಕಡಿಮೆಯಿಲ್ಲ. ಗಾಳಿಯಲ್ಲಿ ಇದರ ಪಾಲೂ ಇಳಿಯುತ್ತಿದೆ. ಇದೊಂದನ್ನೇ ನೋಡಿದರೆ ಕಡಿದು ಸುಟ್ಟ ಕಾಡನ್ನೂ ಕಾರಣವೆನ್ನಬಹುದು, ಆದರೆ ಇಂದಿನ ಕಾಡಿನಲ್ಲಿ ಇಂಗಾಲ-14 ಧಾರಾಳವಾಗಿದೆ. ಎರಡೂ ಕಡಿಮೆಯಿರುವ ದೊಡ್ಡ ಮೂಲ ಪಳೆಯುಳಿಕೆ ಇಂಧನವೊಂದೇ. ಒಂದೊಂದು ಸಾಕ್ಷಿಯನ್ನು ಬಿಡಿಯಾಗಿ ಓದಿದರೆ ವಾದ ನಿಲ್ಲುವುದಿಲ್ಲ, ಜೋಡಿಸಿಯೇ ಓದಬೇಕು. ಗಾಳಿಯ ಆಮ್ಲಜನಕವೂ ಅತ್ಯಲ್ಪವಾಗಿ ಇಳಿಯುತ್ತಿರುವುದು ದಹನಕ್ಕೆ ಹೊಂದುತ್ತದೆ. ಸಮುದ್ರವೇ ಅನಿಲವನ್ನು ಹೊರಬಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ.

ಮುಂದಿನ ಪರಿಣಾಮಗಳಿಗೆ ನನಗೆ ಉಪಯುಕ್ತವೆನಿಸಿದ ಸೂತ್ರ ಒಂದೇ: ತಾಪಮಾನದ ಏರಿಕೆ ಆಯಾ ವರ್ಷದ ಹೊರಸೂಸುವಿಕೆಯನ್ನಲ್ಲ, ಇದುವರೆಗಿನ ಒಟ್ಟು ಮೊತ್ತವನ್ನು ಅನುಸರಿಸುತ್ತದೆ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿಯ ಆರನೆಯ ವರದಿಯ ಪ್ರಕಾರ ಪ್ರತಿ 1,000 ಶತಕೋಟಿ ಟನ್ ಇಂಗಾಲದ ಡೈಆಕ್ಸೈಡ್‌ಗೆ ಸುಮಾರು 0.45 ಡಿಗ್ರಿ ಸೆಲ್ಸಿಯಸ್ ಏರಿಕೆಯಾಗುತ್ತದೆ. ವರ್ಷಕ್ಕೆ ಸುಮಾರು 40 ಶತಕೋಟಿ ಟನ್ ಸೇರುತ್ತಿರುವುದರಿಂದ ಅಷ್ಟು ಏರಿಕೆಗೆ 25 ವರ್ಷ ಸಾಕು. ಒಂದು ಡಿಗ್ರಿ ಬಿಸಿಯಾದ ಗಾಳಿ ಸುಮಾರು 7 ಶೇಕಡಾ ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದಾದ್ದರಿಂದ ಸುರಿಯುವ ಮಳೆ ಬಿರುಸಾಗುತ್ತದೆ, ಮಳೆಯಿಲ್ಲದಾಗ ಮಣ್ಣು ಬೇಗ ಒಣಗುತ್ತದೆ. ಆಳಸಮುದ್ರ ನಿಧಾನವಾಗಿ ಬಿಸಿಯಾಗುವುದರಿಂದ, ಹೊರಸೂಸುವಿಕೆ ನಿಂತ ಮೇಲೂ ಸಮುದ್ರಮಟ್ಟ ಶತಮಾನಗಳವರೆಗೆ ಏರುತ್ತಲೇ ಇರುತ್ತದೆ.