ಮನಬಂದಂತೆ ಬಾರಿಸಿದರೂ ಇಂಪು, ಅದು ಹೇಗೆ?

ಪ್ರಶ್ನೆ: ಮ್ಯೂಸಿಯಂಗಳಲ್ಲಿ ನೇತುಹಾಕಿರುವ ಲೋಹದ ಕೊಳವೆಗಳನ್ನು ಮಕ್ಕಳು ಹೇಗೆ ಬಡಿದರೂ ಇಂಪಾಗಿಯೇ ಕೇಳುತ್ತದೆ. ಮನೆಯ ಹಾರ್ಮೋನಿಯಂ ಮೇಲೆ ಹಾಗೆ ಕೈಯಾಡಿಸಿದರೆ ಕಿವಿ ಮುಚ್ಚಿಕೊಳ್ಳಬೇಕು. ಏನಿದರ ಗುಟ್ಟು?

ಉತ್ತರ: ಜಗಳವಾಡುವ ಸ್ವರಗಳನ್ನು ಅಲ್ಲಿ ಇಟ್ಟೇ ಇರುವುದಿಲ್ಲ, ಅಷ್ಟೇ. ಇಂಥ ಎಷ್ಟೋ ವಾದ್ಯಗಳಲ್ಲಿ ಐದೇ ಸ್ವರ: ಸ ರಿ ಗ ಪ ದ. ಅಂದರೆ ನಮ್ಮ ಮೋಹನ ರಾಗ, ಹಿಂದೂಸ್ತಾನಿಯವರ ಭೂಪ್.

ಅರ್ಧ ಸ್ವರದಷ್ಟೇ ಅಂತರವಿರುವ ಎರಡು ನಾದಗಳು ಕೂಡಿ ಮೊಳಗಿದಾಗ ಕಿವಿಗೆ ಕಿರಿಕಿರಿ. ಷಡ್ಜ (ಸ) 262 ಹರ್ಟ್ಸ್, ಅಂದರೆ ಸೆಕೆಂಡಿಗೆ 262 ಕಂಪನ ಇದ್ದರೆ, ಹಾರ್ಮೋನಿಯಂನಲ್ಲಿ ಅದರ ಪಕ್ಕದ ಕೀಲಿ ಸುಮಾರು 277. ಎರಡನ್ನೂ ಒಟ್ಟಿಗೆ ಒತ್ತಿದರೆ ದನಿ ಸೆಕೆಂಡಿಗೆ 15 ಸಲ ಏರಿಳಿದು ಗರಗರ ಎನ್ನುತ್ತದೆ. ಏಳು ಸ್ವರಗಳಲ್ಲಿ ಮಧ್ಯಮ (ಮ), ನಿಷಾದ (ನಿ) ಬಿಟ್ಟರೆ ಅಂಥ ಜೋಡಿಯೇ ಉಳಿಯದು. ಜರ್ಮನಿಯ ಸಂಗೀತಗಾರ ಕಾರ್ಲ್ ಓರ್ಫ್ ಅವರ ಪದ್ಧತಿಯಲ್ಲಿ ಮಕ್ಕಳಿಗೆ ಕೊಡುವ, ಮರದ ಪಟ್ಟಿಗಳ ವಾದ್ಯವಾದ ಕ್ಸೈಲೋಫೋನ್‌ನಿಂದ ಈ ಎರಡು ಪಟ್ಟಿಗಳನ್ನು ಮೊದಲೇ ಕಿತ್ತಿಡುತ್ತಾರೆ.

ಹಾಗಂತ ಎಲ್ಲರ ಕೈಯಲ್ಲೂ ಮೋಹನವೇ ಬರುತ್ತದೆ ಎಂದಲ್ಲ. ಒಬ್ಬರು ಬರೀ ರಿಷಭವನ್ನು ಶ್ರುತಿಯಂತೆ ಬಡಿಯುತ್ತಿರಲಿ, ಇನ್ನೊಬ್ಬರು ಉಳಿದವುಗಳ ಮೇಲೆ ಆಡಲಿ: ಮಧ್ಯಮಾವತಿ ರಾಗ ಕೇಳಿಸುತ್ತದೆ. ಗಾಂಧಾರ ಹಿಡಿದರೆ ಹಿಂದೋಳ, ಪಂಚಮ ಹಿಡಿದರೆ ಶುದ್ಧ ಸಾವೇರಿ. ಸ್ವರಗಳು ಅವೇ, ಷಡ್ಜದ ಜಾಗ ಮಾತ್ರ ಬೇರೆ: ಕಛೇರಿಯಲ್ಲಿ ವಿದ್ವಾಂಸರು ಚಪ್ಪಾಳೆ ಗಿಟ್ಟಿಸುವ ಗ್ರಹಭೇದ ಇದೇ!

ಕೊಳವೆ ಕೊಯ್ಯುವುದರಲ್ಲೂ ಲೆಕ್ಕವಿದೆ. ತಂತಿಯನ್ನು ಅರ್ಧ ಮಾಡಿದರೆ ಮೇಲಿನ ಷಡ್ಜ. ಬಡಿಯುವ ಕೊಳವೆ ಹಾಗಲ್ಲ. ಅದು ಬಾಗಿ ಬಾಗಿ ಕಂಪಿಸುವುದರಿಂದ, 1 ಮೀಟರ್ ಕೊಳವೆ ಷಡ್ಜವಾದರೆ ಅದೇ ದಪ್ಪದ್ದು ಸುಮಾರು 82 ಸೆಂ.ಮೀ.ಗೆ ಪಂಚಮ, 71ಕ್ಕೆ ಮೇಲಿನ ಷಡ್ಜ. ದಾರ ಕಟ್ಟಬೇಕಾದದ್ದು ತುದಿಯಿಂದ ಉದ್ದದ ಸುಮಾರು 22 ಶೇಕಡಾ ದೂರದಲ್ಲಿ. ಕಂಪನ ಇಲ್ಲದ ಜಾಗ ಅದು. ಬೇರೆಡೆ ಕಟ್ಟಿದರೆ ನಾದ ಅಲ್ಲೇ ಸಾಯುತ್ತದೆ.

ಬೆಂಗಳೂರಿನ ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಮ್ಯೂಸಿಯಂನ ಸೌಂಡ್ ಗಾರ್ಡನ್‌ನಲ್ಲಿ ಮುಟ್ಟಿ ನುಡಿಸುವ ವಾದ್ಯಗಳಿವೆ. ಜನ ಕಡಿಮೆ ಇರುವ ಹೊತ್ತು ನೋಡಿ ಹೋಗಿ. ಲೋಹದ ನಾದ ಬೇಗ ಇಳಿಯುವುದಿಲ್ಲ; ಹತ್ತು ಮಕ್ಕಳು ಸೇರಿದರೆ ಐದು ಸ್ವರವೂ ಸಂತೆಯಾಗುತ್ತದೆ. ಮರದ ಪಟ್ಟಿಗಳು ಈ ವಿಷಯದಲ್ಲಿ ವಾಸಿ.

ನನ್ನ ತಕರಾರು ಒಂದೇ: ತಪ್ಪೇ ಆಗದ ವಾದ್ಯ ಬೇಗ ಬೇಸರ ತರಿಸುತ್ತದೆ. ಇಂಥ ಕಡೆ ಹನ್ನೆರಡೂ ಸ್ವರಗಳಿರುವ ವಾದ್ಯ ಒಂದಾದರೂ ಇರಲಿ. ದೊಡ್ಡ ಮಕ್ಕಳು ಅಲ್ಲೇ ಹೆಚ್ಚು ಹೊತ್ತು ನಿಂತಾರು.