ಡಿಲಿಂಜರ್ ಡಕಾಯಿತನಾಗುವ ಮುಂಚಿನ ಒಂಬತ್ತು ವರ್ಷ

2019ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಒಂದು ಹಳೆಯ ಸಮಾಧಿಯನ್ನು ಅಗೆಸಬೇಕೆಂದು ಸಂಬಂಧಿಕರು ಕೋರ್ಟಿಗೆ ಹೋದರು. ಒಳಗಿರುವುದು ಬ್ಯಾಂಕ್ ದರೋಡೆಕೋರ ಜಾನ್ ಡಿಲಿಂಜರ್‌ನ ದೇಹವೇ ಅಲ್ಲ ಅನ್ನುವ ಅನುಮಾನ ಅವರದ್ದು. ಕೇಸು ವಜಾ ಆಯಿತು. ಅವನ ಸುತ್ತ ಕಥೆಗಳು ಎಷ್ಟು ಬೆಳೆದಿವೆ ಅಂದರೆ, ಅವನು ಬ್ಯಾಂಕ್ ದೋಚಿದ್ದು ಹೆಚ್ಚುಕಮ್ಮಿ ಒಂದೇ ವರ್ಷ ಅನ್ನುವುದು ಮರೆತೇ ಹೋಗುತ್ತದೆ. ಅದಕ್ಕೂ ಮುಂಚೆ ಒಂಬತ್ತು ವರ್ಷ ಅವನು ಜೈಲಿನಲ್ಲಿದ್ದ.

ಹುಟ್ಟಿದ್ದು 1903ರಲ್ಲಿ. ಮೂರು ವರ್ಷದವನಿದ್ದಾಗ ತಾಯಿ ತೀರಿಕೊಂಡರು. ದೊಡ್ಡವನಾಗಿ ನೌಕಾಪಡೆ ಸೇರಿದ, ಅಲ್ಲಿಂದ ಓಡಿ ಬಂದ, ಮದುವೆಯಾದ. 1924ರ ಸೆಪ್ಟೆಂಬರ್‌ನಲ್ಲಿ ಮೂರ್ಸ್‌ವಿಲ್ ಅನ್ನುವ ಸಣ್ಣ ಊರಲ್ಲಿ ಒಬ್ಬ ದಿನಸಿ ಅಂಗಡಿಯವರ ತಲೆಗೆ ಬಟ್ಟೆ ಸುತ್ತಿದ ಕಬ್ಬಿಣದ ಬೋಲ್ಟ್‌ನಿಂದ ಹೊಡೆದು ದೋಚಲು ನೋಡಿದ. ಜೊತೆಗೆ ಇನ್ನೊಬ್ಬನಿದ್ದ. ಇಬ್ಬರೂ ಸಿಕ್ಕಿಬಿದ್ದರು.

ತಪ್ಪು ಒಪ್ಪಿಕೊಂಡರೆ ಕೋರ್ಟು ಕರುಣೆ ತೋರಿಸುತ್ತದೆ ಅಂತ ಅಪ್ಪ ನಂಬಿದ್ದರು. ಮಗ ವಕೀಲರಿಲ್ಲದೆ ನಿಂತು ಒಪ್ಪಿಕೊಂಡ. 10ರಿಂದ 20 ವರ್ಷ ಶಿಕ್ಷೆಯಾಯಿತು. ವಕೀಲರನ್ನು ಇಟ್ಟುಕೊಂಡ ಜೊತೆಗಾರ ಎರಡು ವರ್ಷದೊಳಗೆ ಹೊರಗೆ ಬಂದ. 21ರ ಹುಡುಗನಿಗೆ ಇದು ಎಷ್ಟು ನಾಟಿರಬೇಕು, ಅಲ್ವಾ?

ಜೈಲಿನಲ್ಲಿ, ಮುಂದೆ ಅವನ ದರೋಡೆಗಳಲ್ಲಿ ಜೊತೆಯಾದ ಹ್ಯಾರಿ ಪಿಯರ್‌ಪಾಂಟ್, ಹೋಮರ್ ವ್ಯಾನ್ ಮೀಟರ್ ಪರಿಚಯವಾದರು. 1929ರಲ್ಲಿ ಹೆಂಡತಿ ವಿಚ್ಛೇದನ ಪಡೆದಳು. ಅದೇ ವರ್ಷ ಅವನನ್ನು ಮಿಷಿಗನ್ ಸಿಟಿಯ ಜೈಲಿಗೆ ಹಾಕಿದರು. ಅಲ್ಲಿದ್ದವರು ಪಳಗಿದ ಬ್ಯಾಂಕ್ ಕಳ್ಳರು. ಒಳಗೆ ಯಾರು ಎಲ್ಲಿ ನಿಲ್ಲಬೇಕು, ಎಷ್ಟು ನಿಮಿಷಕ್ಕೆ ಹೊರಡಬೇಕು, ಯಾವ ದಾರಿಯಲ್ಲಿ ಪರಾರಿಯಾಗಬೇಕು ಎಲ್ಲವನ್ನೂ ಮೊದಲೇ ಲೆಕ್ಕ ಹಾಕುವ ವಿದ್ಯೆ ಅವರದ್ದು. ಅದನ್ನೆಲ್ಲ ಕಲಿಯಲು ಇವನ ಕೈಯಲ್ಲಿ ಬೇಕಾದಷ್ಟು ಸಮಯವಿತ್ತು.

ಏಟು ತಿಂದ ಅಂಗಡಿಯವರೇ ಬಿಡುಗಡೆಯ ಅರ್ಜಿಗೆ ಸಹಿ ಹಾಕಿದರು. 1933ರ ಮೇನಲ್ಲಿ ಅವನು ಹೊರಬಂದ. ಮನೆ ಮುಟ್ಟುವಷ್ಟರಲ್ಲಿ ಮಲತಾಯಿ ತೀರಿಕೊಂಡಿದ್ದರು.

ಹೊರಗೆ ಆರ್ಥಿಕ ಮಹಾಕುಸಿತದ ಕಾಲ. 1930ರಿಂದ 33ರೊಳಗೆ ಸುಮಾರು 9,000 ಬ್ಯಾಂಕುಗಳು ಮುಳುಗಿದ್ದವು. ಉಳಿಸಿಟ್ಟ ದುಡ್ಡು ಕಳೆದುಕೊಂಡ ಜನಕ್ಕೆ ಬ್ಯಾಂಕ್ ದೋಚುವವನ ಮೇಲೆ ಕೋಪ ಬರಲಿಲ್ಲ. ಆದರೆ 1934ರ ಜನವರಿಯಲ್ಲಿ ಈಸ್ಟ್ ಷಿಕಾಗೊದ ದರೋಡೆಯಲ್ಲಿ ಪೊಲೀಸ್ ವಿಲಿಯಂ ಒ'ಮ್ಯಾಲಿ ಸತ್ತರು. ಕೊಲೆ ಆರೋಪ ಡಿಲಿಂಜರ್ ಮೇಲೆ ಬಂತು. ಅವನನ್ನು ಹೀರೋ ಮಾಡುವವರು ಈ ಹೆಸರನ್ನೂ ನೆನಪಿಡಬೇಕು.

ಸಿಕ್ಕಿಬಿದ್ದು ಇಂಡಿಯಾನಾದ ಕ್ರೌನ್ ಪಾಯಿಂಟ್ ಜೈಲು ಸೇರಿದವನು ಮಾರ್ಚ್‌ನಲ್ಲಿ ಅಲ್ಲಿಂದ ತಪ್ಪಿಸಿಕೊಂಡ. ಮರದ ಪಿಸ್ತೂಲು ತೋರಿಸಿ ಅನ್ನುವುದು ಪ್ರಸಿದ್ಧ ಕಥೆ. ಶೆರಿಫ್ ಅವರ ಕಾರನ್ನೇ ಕದ್ದು ಇಲಿನಾಯ್ ರಾಜ್ಯಕ್ಕೆ ದಾಟಿದ. ಆಗ ಬ್ಯಾಂಕ್ ದರೋಡೆ ಕೇಂದ್ರದ ಕಾನೂನಿಗೆ ಸೇರಿರಲಿಲ್ಲ, ಕದ್ದ ಕಾರನ್ನು ಗಡಿ ದಾಟಿಸುವುದು ಸೇರಿತ್ತು. ಹಾಗಾಗಿ ಕೇಂದ್ರದ ಏಜೆಂಟರು ಬೆನ್ನು ಹತ್ತಿದರು. ಮೇ ತಿಂಗಳಲ್ಲಿ ಬ್ಯಾಂಕ್ ದರೋಡೆಗೂ ಕೇಂದ್ರದ ಕಾನೂನು ಬಂತು. ಜುಲೈ 22ರ ರಾತ್ರಿ ಷಿಕಾಗೊದ ಬಯೋಗ್ರಾಫ್ ಚಿತ್ರಮಂದಿರದ ಹೊರಗೆ ಅವನನ್ನು ಗುಂಡಿಟ್ಟು ಕೊಂದರು. ಆಗ ಅವನಿಗೆ 31.

ಹೆಣವನ್ನು ಯಾರಾದರೂ ಕದ್ದಾರು ಅನ್ನುವ ಭಯಕ್ಕೆ ಅಪ್ಪ ಸಮಾಧಿಯ ಮೇಲೆ ಕಾಂಕ್ರೀಟ್ ಹಾಕಿಸಿದರು. 2019ರಲ್ಲಿ ಅಗೆಯಲು ಹೊರಟವರು ಅದನ್ನೇ ಒಡೆಯಬೇಕಿತ್ತು.