ಸಣ್ಣದು ದೊಡ್ಡದರ ಮರಿಯಲ್ಲ: ಏರೋಪ್ಲೇನ್ ಚಿಟ್ಟೆಗೆ ಹೆಸರು ಹುಡುಕಿದ ಕಥೆ

ನಾಟಿ ಮುಗಿದು ಮಳೆ ಸ್ವಲ್ಪ ಬಿಟ್ಟಿತು ಅನ್ನುವಾಗ ನಮ್ಮ ಮಲೆನಾಡಿನ ಗದ್ದೆ ಬಯಲಲ್ಲಿ ಏರೋಪ್ಲೇನ್ ಚಿಟ್ಟೆಗಳು ತುಂಬಿಕೊಳ್ಳುತ್ತವೆ. ಚಿಕ್ಕವರಿದ್ದಾಗ ಬೇಲಿ ಗೂಟದ ಮೇಲೆ ಕೂತದ್ದನ್ನು ಹಿಂದಿನಿಂದ ಮೆಲ್ಲಗೆ ಹೋಗಿ ಹಿಡಿಯುತ್ತಿದ್ದೆವು. ಬಾಲಕ್ಕೆ ದಾರ ಕಟ್ಟುತ್ತಿದ್ದೆವು, ಕಾಲಿಗೆ ಸಣ್ಣ ಕಲ್ಲು ಕೊಟ್ಟು ಎತ್ತಿಸುತ್ತಿದ್ದೆವು. ಪಾಪದ ಕೆಲಸ, ಬಿಡಿ. ಹಳ್ಳದ ಬದಿಯಲ್ಲಿ ಇನ್ನೊಂದು ಜಾತಿ ಇರುತ್ತಿತ್ತು. ಸೂಜಿಯಷ್ಟು ತೆಳ್ಳಗೆ, ಕೂತಾಗ ರೆಕ್ಕೆ ಮಡಚಿಕೊಂಡು. ಅದು ದೊಡ್ಡದರ ಮರಿ ಅಂತ ನಾವೆಲ್ಲ ಗಟ್ಟಿಯಾಗಿ ನಂಬಿದ್ದೆವು.

ಎರಡೂ ಚಿಟ್ಟೆಯೇ ಅಲ್ಲ. ಸಣ್ಣದು ದೊಡ್ಡದರ ಮರಿಯೂ ಅಲ್ಲ. ದೊಡ್ಡದು ಡ್ರಾಗನ್‌ಫ್ಲೈ, ತೆಳ್ಳಗಿನದು ಡ್ಯಾಮ್ಸೆಲ್‌ಫ್ಲೈ. ಇವನ್ನು ಬೇರೆ ಮಾಡಿ ನೋಡಲು ಲೋಕಕ್ಕೂ ಸಮಯ ಹಿಡಿಯಿತು.

1758ರಲ್ಲಿ, ಜೀವಿಗಳಿಗೆಲ್ಲ ಹೆಸರಿಟ್ಟು ಪಟ್ಟಿ ಮಾಡುತ್ತಿದ್ದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಎಲ್ಲವನ್ನೂ ಒಂದೇ ಕಣಜಕ್ಕೆ ಸುರಿದಿದ್ದ. ದಪ್ಪಗಿರಲಿ, ತೆಳ್ಳಗಿರಲಿ, ಹೆಸರು 'ಲಿಬೆಲ್ಲುಲ'. ಆ ಪಟ್ಟಿಯಲ್ಲಿ ನಮ್ಮ ಹಳ್ಳದ್ದೂ ಒಂದಿದೆ. 'ಲಿಬೆಲ್ಲುಲ ಚೈನೆನ್ಸಿಸ್', ಅಂದರೆ ಚೀನಾದ್ದು. ಇವತ್ತು ಅದನ್ನು ನ್ಯೂರೋಬೇಸಿಸ್ ಚೈನೆನ್ಸಿಸ್ ಅನ್ನುತ್ತಾರೆ. ತೀರ್ಥಹಳ್ಳಿ, ಹೊಸನಗರ ಕಡೆ ನೆರಳಿರುವ ಹಳ್ಳದಲ್ಲಿ ಬಂಡೆ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತರೆ ಸಾಕು, ಕಣ್ಣಿಗೆ ಬೀಳುತ್ತದೆ. ಗಂಡು ಕೂತಿದ್ದಾಗ ಕಪ್ಪು ಕಡ್ಡಿಯ ಹಾಗೆ ಕಾಣುತ್ತದೆ. ಇದೇನು ಮಹಾ ಅಂದುಕೊಳ್ಳುವಷ್ಟರಲ್ಲಿ ರೆಕ್ಕೆ ಬಿಚ್ಚುತ್ತದೆ. ಹಿಂದಿನ ಜೋಡಿ ರೆಕ್ಕೆಯ ಮೇಲ್ಮೈ ನವಿಲಿನ ಕತ್ತಿನಂತೆ ಹಸಿರಾಗಿ ಮಿಂಚುತ್ತದೆ. ಮುಂದಿನ ಜೋಡಿ ಗಾಜಿನಂತೆ ಪಾರದರ್ಶಕ. ರೆಕ್ಕೆ ಮಡಚಿದ ಕೂಡಲೇ ಮತ್ತೆ ಕಪ್ಪು ಕಡ್ಡಿ. ಹೆಣ್ಣಿಗೆ ಈ ವೈಭವ ಇಲ್ಲ, ಅದರದ್ದು ಕಂದು ಛಾಯೆಯ ರೆಕ್ಕೆ. ತುಂಗೆಗೆ ಸೇರುವ ಹಳ್ಳದಲ್ಲಿ ಹುಟ್ಟಿ ಬೆಳೆದ ಜೀವಕ್ಕೆ ಚೀನಾದ ವಿಳಾಸ!

ಲಿನೇಯಸ್‌ನ ಶಿಷ್ಯ, ಡೆನ್ಮಾರ್ಕಿನ ಫೆಬ್ರಿಷಿಯಸ್, ರೆಕ್ಕೆ ಬಿಟ್ಟು ಬಾಯಿ ನೋಡಿದ. ಹುಳ ಹೇಗೆ ತಿನ್ನುತ್ತದೆ ಅನ್ನುವುದರ ಮೇಲೆ ಗುಂಪು ಮಾಡಬೇಕು ಅನ್ನುವುದು ಅವನ ವಾದ. 1775ರಲ್ಲಿ ಲಿಬೆಲ್ಲುಲವನ್ನು ಒಡೆದು ಮೂರು ಮಾಡಿದ. ತೆಳ್ಳಗಿನವಕ್ಕೆ 'ಅಗ್ರಿಯಾನ್' ಅಂತ ಬೇರೆ ಮನೆ ಸಿಕ್ಕಿತು. 1793ರಲ್ಲಿ ಇಡೀ ಬಳಗಕ್ಕೆ 'ಒಡೊನಾಟ' ಅಂದ. ಗ್ರೀಕಿನಲ್ಲಿ ಹಲ್ಲು ಅಂತ ಅರ್ಥ ಬರುವ ಮಾತಿನಿಂದ ಬಂದದ್ದು. ದಾರ ಕಟ್ಟುವಾಗ ಬೆರಳು ಕಚ್ಚಿಸಿಕೊಂಡವರಿಗೆ ಆ ಹೆಸರು ಸರಿಯೆನಿಸುತ್ತದೆ, ಅಲ್ವಾ?

ಗದ್ದೆ ಬಯಲಲ್ಲಿ ಗುಂಪಾಗಿ ಹಾರುವ ಹಳದಿ ಬಣ್ಣದ್ದಕ್ಕೂ ಹೆಸರಿಟ್ಟವನು ಅವನೇ, 1798ರಲ್ಲಿ. ಈಗಿನ ಹೆಸರು ಪಂಟಾಲ ಫ್ಲಾವೆಸೆನ್ಸ್. ಮಳೆಗಾಲದ ಹೊಂಡದಲ್ಲಿ ಇದರ ಮರಿ ಒಂದೂವರೆ ಎರಡು ತಿಂಗಳಲ್ಲಿ ಬೆಳೆದುಬಿಡುತ್ತದೆ. ಅಕ್ಟೋಬರ್ ಹೊತ್ತಿಗೆ ಮಾಲ್ಡೀವ್ಸ್ ದ್ವೀಪಗಳ ಮೇಲೆ ಇವು ದಂಡು ದಂಡಾಗಿ ಬರುತ್ತವೆ. ಮೊಟ್ಟೆ ಇಡಲು ಅಲ್ಲಿ ಸಿಹಿನೀರೇ ಅಪರೂಪ. ಹಾಗಾದರೆ ಇವು ಭಾರತದಿಂದ ಗಾಳಿ ಹಿಡಿದು ಆಫ್ರಿಕಾ ಕಡೆಗೆ ಹೊರಟಿರಬೇಕು ಅಂತ ಜೀವಶಾಸ್ತ್ರಜ್ಞ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಬರೆದರು.

ಇವತ್ತು ಎಲ್ಲರೂ ಬಳಸುವ ಎರಡು ಭಾಗ ಬಂದದ್ದು 1854ರಲ್ಲಿ, ಬೆಲ್ಜಿಯಂನ ಸೆಲಿಸ್ ಲಾಂಗ್‌ಶಾಂ ಅವರಿಂದ. ಮುಂದೆ ಬೆಲ್ಜಿಯಂ ಸೆನೆಟ್ಟಿನ ಅಧ್ಯಕ್ಷರಾದ ಮನುಷ್ಯ, ಜೀವನವೆಲ್ಲ ಇದೇ ಹುಳದ ಹಿಂದೆ. ದಪ್ಪಗಿನವು ಅನಿಸಾಪ್ಟೆರ, ಅಂದರೆ ಮುಂದಿನ, ಹಿಂದಿನ ರೆಕ್ಕೆ ಒಂದೇ ತರಹ ಇಲ್ಲದವು. ತೆಳ್ಳಗಿನವು ಝೈಗಾಪ್ಟೆರ. 'ಝೈಗ' ಅಂದರೆ ನೊಗ. ಜೋಡೆತ್ತಿನ ಹಾಗೆ ಎರಡೂ ಜೋಡಿ ರೆಕ್ಕೆ ಸಮ. ಕಣ್ಣನ್ನೂ ನೋಡಬಹುದು. ತೆಳ್ಳಗಿನದರ ಕಣ್ಣು ಸುತ್ತಿಗೆಯ ಎರಡು ತುದಿಯಂತೆ ದೂರ ದೂರ. ದಪ್ಪಗಿನದರಲ್ಲಿ ಜಾಸ್ತಿಯವಕ್ಕೆ ನೆತ್ತಿಯ ಮೇಲೆ ಕೂಡಿಕೊಂಡಿರುತ್ತದೆ. ಆದರೆ ಗಾಂಫಿಡ್ ಅನ್ನುವ ಗುಂಪಿನ ಡ್ರಾಗನ್‌ಫ್ಲೈಗಳಿಗೆ ಕೂಡಿರುವುದಿಲ್ಲ. ರೆಕ್ಕೆ ಬಿಚ್ಚಿಕೊಂಡೇ ಕೂರುವ ಡ್ಯಾಮ್ಸೆಲ್‌ಫ್ಲೈಗಳೂ ಇವೆ. ಕೂತ ಭಂಗಿ ಒಂದನ್ನೇ ನಂಬಿದರೆ ಕೆಟ್ಟಿರಿ. ಎರಡಕ್ಕೂ ನಡುವೆ ನಿಂತ ಒಂದು ಸಣ್ಣ ಗುಂಪೂ ಇದೆ, ಎಪಿಯೋಫ್ಲೆಬಿಯ. ಮೈ ಡ್ರಾಗನ್‌ಫ್ಲೈಯದ್ದು, ರೆಕ್ಕೆ ಡ್ಯಾಮ್ಸೆಲ್‌ಫ್ಲೈಯದ್ದು. ಆದರೆ ಅದಕ್ಕೆ ಹಿಮಾಲಯದ ತೊರೆಗೇ ಹೋಗಬೇಕು.

ನಮ್ಮ ಘಟ್ಟದ ಲೆಕ್ಕ ಬರೆದದ್ದು ಜಾಸ್ತಿಯಾಗಿ ಒಬ್ಬ ಮಿಲಿಟರಿ ಡಾಕ್ಟರ್. ಎಫ್. ಸಿ. ಫ್ರೇಸರ್ ಕೊಡಗು, ನೀಲಗಿರಿ ಎಲ್ಲ ಸುತ್ತಿ, ಭಾರತದ ಒಡೊನಾಟಗಳ ಬಗ್ಗೆ 1933, 1934 ಮತ್ತು 1936ರಲ್ಲಿ ಮೂರು ಸಂಪುಟ ತಂದರು. ಹಳ್ಳದ ಬಂಡೆ ಮೇಲೆ ಕೂರುವ ಕೆಂಪು ಮೈಯ ಯೂಫಿಯಾ ಫ್ರೇಸರಿ ಅವರ ಹೆಸರನ್ನೇ ಹೊತ್ತಿದೆ. ಫ್ರೇಸರ್ ನೆಚ್ಚಿದ್ದು ರೆಕ್ಕೆಯ ನರಗಳ ಬಲೆಯನ್ನು. ಈಚೆಗೆ ಡಿಎನ್‌ಎ ಬಂದ ಮೇಲೆ ಆ ಲೆಕ್ಕದಲ್ಲಿ ಕೆಲವು ತಿದ್ದುಪಡಿಯಾದವು. ಹೊಳೆಯಂಚಿನಲ್ಲಿ ಕಡ್ಡಿಯಂತೆ ಕೂರುವ ಪ್ರೊಡಾಸಿನ್ಯೂರಾ ಮೊದಲು ಪ್ರೊಟೊನ್ಯೂರಿಡೆ ಕುಟುಂಬದಲ್ಲಿತ್ತು, ಈಗ ಪ್ಲಾಟಿಕ್ನೆಮಿಡಿಡೆಗೆ ಹೋಗಿದೆ. ಅದಕ್ಕೇನು ಗೊತ್ತು, ಅದೇ ಜಾಗದಲ್ಲಿ ಕೂತಿದೆ.

ಹಾಗಾದರೆ ನಿಜವಾದ ಮರಿ ಎಲ್ಲಿ? ನೀರಲ್ಲಿ. ತೋಟದ ಹೊಂಡದ ಕೆಸರನ್ನು ಎತ್ತಿ ದಂಡೆಗೆ ಹಾಕಿದಾಗ ನಾನು ಒಮ್ಮೆ ಅದನ್ನು ಹತ್ತಿರದಿಂದ ಕಂಡೆ. ಕೆಸರಿನದೇ ಬಣ್ಣ, ಆರು ಕಾಲು, ಕುಂಟೆಯಂಥ ಮೈ. ಬಕೆಟ್ಟಿನ ನೀರಿಗೆ ಬಿಟ್ಟರೆ ಹಿಂದಿನಿಂದ ನೀರು ಚಿಮ್ಮಿಸಿ ಜರ್ರನೆ ಮುಂದೆ ಹೋಯಿತು. ಇದು ಡ್ರಾಗನ್‌ಫ್ಲೈ ಮರಿಯ ಕಸರತ್ತು. ಅದರ ಉಸಿರಾಟದ ಕಿವಿರು ಇರುವುದೂ ಗುದದ ಒಳಗೇ. ಡ್ಯಾಮ್ಸೆಲ್‌ಫ್ಲೈ ಮರಿಗೆ ಬಾಲದ ತುದಿಯಲ್ಲಿ ಮೂರು ಎಲೆಯಂಥ ಕಿವಿರು ಇರುತ್ತದೆ, ಅದು ಮೈ ಬಳುಕಿಸಿ ಈಜುತ್ತದೆ. ಎರಡಕ್ಕೂ ಕೆಳದುಟಿ ಮಡಚಿದ ಕೈಯಂತೆ. ಸೊಳ್ಳೆ ಮರಿಯೋ ಗೊದಮೊಟ್ಟೆಯೋ ಹತ್ತಿರ ಬಂದರೆ ಅದನ್ನು ಚಾಚಿ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿಯುತ್ತವೆ.

ಕೋಶಕಟ್ಟುವ ಹಂತ ಇವಕ್ಕಿಲ್ಲ. ಬೆಳೆದ ಮರಿ ಸಾಮಾನ್ಯವಾಗಿ ರಾತ್ರಿಯೋ ನಸುಕಿನಲ್ಲೋ ಭತ್ತದ ದಂಟು ಹತ್ತಿ, ಬೆನ್ನು ಸೀಳಿ ಹೊರಗೆ ಬರುತ್ತದೆ. ಬೆಳಿಗ್ಗೆ ಗದ್ದೆ ಅಂಚಲ್ಲಿ ಹೋದರೆ ಆ ಖಾಲಿ ಚಿಪ್ಪು ದಂಟಿಗೆ ಹಾಗೇ ಅಂಟಿಕೊಂಡಿರುತ್ತದೆ, ಬೆನ್ನ ಸೀಳಿನಿಂದ ಹಳೆಯ ಉಸಿರುನಾಳದ ಪೊರೆ ಬಿಳಿ ದಾರದಂತೆ ಇಣುಕುತ್ತಿರುತ್ತದೆ. ಸತ್ತ ಮಿಡತೆ ಅಂದುಕೊಂಡು ಅದನ್ನು ಕಡ್ಡಿಯಿಂದ ಉದುರಿಸಿ, ನಾವು ದೊಡ್ಡದನ್ನು ಹಿಡಿಯಲು ಓಡುತ್ತಿದ್ದೆವು.